ಗ್ಯಾರೇಜ್ ಕಟ್ಟೆ: ಕಲ್ಲೇಟು ತಿಂದ ಹೆಡ್‌ಲೈಟು

ಈ ಸಲ ಬಂದ ಪತ್ರಗಳಲ್ಲಿ ಹೆಡ್‌ಲೈಟಿನವೇ ಜಾಸ್ತಿ, ಅದರಲ್ಲೂ ಹಳೇ ಗಾಡಿಗಳ ಗಾಜಿನ ಹೆಡ್‌ಲೈಟು. ಕ್ಲಚ್ಚು, ಕಾರ್ಬೊರೇಟರ್ ಬಗ್ಗೆ ಕೇಳಿದವರು ಬೇಜಾರು ಮಾಡಿಕೊಳ್ಳಬೇಡಿ, ಮುಂದಿನ ಸಂಚಿಕೆಯಲ್ಲಿ ನೋಡೋಣ. ಪತ್ರಗಳ ಹೊಗಳಿಕೆ, ನಮಸ್ಕಾರ ಎಲ್ಲ ಕತ್ತರಿಸಿ ವಿಷಯ ಮಾತ್ರ ಉಳಿಸಿಕೊಂಡಿದ್ದೇನೆ.

ಪ್ರಶ್ನೆ: ನನ್ನದು 1997ರ ಮಾರುತಿ ಜೆನ್. ನಾಗಮಂಗಲದ ಕಡೆಯಿಂದ ಊರಿಗೆ ಬರುವಾಗ ಮುಂದೆ ಹೋಗುತ್ತಿದ್ದ ಜಲ್ಲಿ ಟಿಪ್ಪರ್‌ನಿಂದ ಕಲ್ಲು ಹಾರಿ ಬಲಗಡೆ ಹೆಡ್‌ಲೈಟಿನ ಗಾಜು ಒಡೆಯಿತು. ನಡುವೆ ಐದು ರೂಪಾಯಿ ನಾಣ್ಯದಷ್ಟು ತೂತು, ಸುತ್ತ ಬಿರುಕು. ಬಲ್ಬು ಮಾತ್ರ ಉರಿಯುತ್ತಿದೆ. ಗಾಜು ಒಂದೇ ಬರಲ್ಲ, ಇಡೀ ಸೆಟ್ಟೇ ಹಾಕಬೇಕು ಅಂತಾರೆ ಮೆಕ್ಯಾನಿಕ್. ಅಂಗಡಿಯಲ್ಲಿ ತೋರಿಸಿದ ಸೆಟ್ಟು ಕೈಯಲ್ಲಿ ಹಿಡಿದರೆ ತೀರಾ ಹಗುರ, ಗಾಜೇ ಅಲ್ಲವೇನೋ ಅನ್ನಿಸಿತು. ಸದ್ಯಕ್ಕೆ ಮಗ ಸೆಲ್ಲೋಟೇಪ್ ಅಂಟಿಸಿದ್ದಾನೆ. ಗಾಜು ಮಾತ್ರ ಬದಲಾಯಿಸೋಕೆ ಆಗುತ್ತಾ? ಯಾವ ಗೋಂದು ಹಾಕಬೇಕು?
— ಓದುಗರು, ಬಸರಾಳು, ಮಂಡ್ಯ ತಾಲ್ಲೂಕು

ಉತ್ತರ: ಆಗುತ್ತೆ. ಆದರೆ ನೀವು ಗೋಂದಿನಿಂದ ಶುರು ಮಾಡಿದ್ದೀರಿ, ಅದು ಕಡೇ ಕೆಲಸ. ಮೊದಲು ಯಾವ ಗಾಜು ಅನ್ನೋದು ತೀರ್ಮಾನವಾಗಲಿ.

ಹೆಡ್‌ಲೈಟಿನ ಗಾಜು ಅಂದರೆ ಧೂಳು, ಮಳೆ ತಡೆಯೋ ಮುಚ್ಚಳ ಅಂತ ಬಹಳ ಜನ ತಿಳಿದಿದ್ದಾರೆ. ಒಡೆಯದೆ ಉಳಿದಿರುವ ನಿಮ್ಮ ಎಡಗಡೆ ಹೆಡ್‌ಲೈಟನ್ನು ಹತ್ತಿರದಿಂದ ನೋಡಿ. ಗಾಜಿನ ಒಳಮೈಯಲ್ಲಿ ಉದ್ದುದ್ದ ಗೆರೆ, ಕೆಲವು ಕಡೆ ಚೌಕ ಚೌಕದ ಮನೆ, ಒಂದೊಂದು ಮನೆಗೂ ಒಂದೊಂದು ಓರೆ. ಅದು ಅಂದಕ್ಕೆ ಮಾಡಿದ್ದಲ್ಲ. ಹಿಂದಿನ ಹೊಳೆಯೋ ಬಟ್ಟಲು, ನಾವು ಡೂಮ್ ಅನ್ನೋದು, ಬಲ್ಬಿನ ಬೆಳಕನ್ನು ಮುಂದಕ್ಕೆ ತಳ್ಳುತ್ತೆ. ಉದ್ದ ಗೆರೆಗಳು ಆ ಬೆಳಕನ್ನು ರಸ್ತೆಯ ಅಗಲಕ್ಕೆ ಹರಡುತ್ತವೆ, ಓರೆ ಮನೆಗಳು ಕೆಳಕ್ಕೆ ಬಗ್ಗಿಸುತ್ತವೆ. ಮಂಡ್ಯದವರಿಗೆ ಹೇಳಬೇಕು ಅಂದರೆ ಡೂಮ್ ಕೊಡೋ ಬೆಳಕು ವಿ.ಸಿ. ನಾಲೆಯ ನೀರು, ಗಾಜಿನ ಗೆರೆಗಳು ತೂಬು. ತೂಬು ಕಿತ್ತು ಹಾಕಿದರೆ ನೀರು ಎಲ್ಲಿಗೆ ಹೋಗುತ್ತೆ ಅಂತ ನಿಮಗೆ ನಾನು ಹೇಳಬೇಕಿಲ್ಲ.

ನಮ್ಮ ಮಂಡಿ ಮೊಹಲ್ಲಾದ ಅಂಗಡಿಗೆ ಒಬ್ಬರು ಗಾಡಿ ತಂದಿದ್ದರು. ಫೋಟೋಗೆ ಕಟ್ಟು ಹಾಕುವ ಕಡೆ ಸಾದಾ ಗಾಜು ಅಳತೆಗೆ ಕತ್ತರಿಸಿ ನೀಟಾಗಿ ಕೂರಿಸಿದ್ದರು, ಕೆಲಸದಲ್ಲಿ ಒಂದು ಕೊಂಕಿಲ್ಲ. ಲೈಟು ಹಾಕಿ ನೋಡಿದರೆ ರಸ್ತೆ ನಡುವೆ ಒಂದು ದುಂಡನೆ ಬಿಳಿ ಕಲೆ, ಅಕ್ಕಪಕ್ಕ ಕಗ್ಗತ್ತಲು. ಡಿಮ್ ಮಾಡಿದರೂ ಎದುರಿನವರ ಕಣ್ಣಿಗೇ ಹೊಡೆಯೋದು. ಅಕ್ರಿಲಿಕ್ ಹಾಳೆ ಕತ್ತರಿಸಿ ಹಾಕುವವರೂ ಇದ್ದಾರೆ, ಅದು ಬಿಸಿಗೆ ಸೊಟ್ಟಗಾಗುತ್ತೆ. ಹಾಗಾಗಿ ನಿಮ್ಮ ಗಾಡಿಗೆ ಅದೇ ಮಾದರಿಯ, ಅದೇ ಬಲಗಡೆಯ ಗಾಜೇ ಆಗಬೇಕು. ಎಡದ್ದು ಬಲಕ್ಕೆ ಕೂರಲ್ಲ.

ಹೊಸ ಸೆಟ್ಟು ಹಗುರ ಇದ್ದದ್ದನ್ನು ಗಮನಿಸಿದಿರಲ್ಲ, ಒಳ್ಳೇದಾಯ್ತು. ಬೆರಳ ಗೆಣ್ಣಿನಿಂದ ತಟ್ಟಿ ನೋಡಿ, ಗಾಜೋ ಪ್ಲಾಸ್ಟಿಕ್ಕೋ ಶಬ್ದವೇ ಹೇಳುತ್ತೆ. ಪ್ಲಾಸ್ಟಿಕ್ ಅಂದ ಮಾತ್ರಕ್ಕೆ ಕೆಟ್ಟದ್ದಲ್ಲ, ಇವತ್ತಿನ ಗಾಡಿಗಳೆಲ್ಲ ಪಾಲಿಕಾರ್ಬೊನೇಟೇ. ಆದರೆ ಅಗ್ಗದ ಡೂಪ್ಲಿಕೇಟಿನಲ್ಲಿ ಗೆರೆಗಳು ಮೊಂಡಾಗಿರುತ್ತವೆ, ಡೂಮ್‌ನ ಲೇಪ ಬೇಗ ಮಂಕಾಗುತ್ತೆ. ಒಂದು ಕಡೆ ಹಳೇ ಗಾಜು, ಇನ್ನೊಂದು ಕಡೆ ಈ ಮಾಲು ಇದ್ದರೆ ರಸ್ತೆ ಮೇಲೆ ಎರಡು ಬಣ್ಣದ, ಎರಡು ಆಕಾರದ ಬೆಳಕು ಬೀಳುತ್ತೆ. ನಾನಾದರೆ ಗುಜರಿಗೆ ಹೋಗುತ್ತೇನೆ. ಬೆಂಗಳೂರಿನ ಶಿವಾಜಿನಗರದ ಕಡೆ ಹೋಗಿಬರುವವರಿದ್ದರೆ ಹೇಳಿಕಳಿಸಿ. ಹಳೇ ಜೆನ್ ಅಂತ ಒತ್ತಿ ಹೇಳಿ. 2003ರಲ್ಲಿ ಮುಖ ಬದಲಾಯಿಸಿದ ಜೆನ್‌ನ ಹೆಡ್‌ಲೈಟು ಬೇರೆ, ದುಂಡನೆ ಕಣ್ಣಿನ ಜೆನ್ ಕ್ಲಾಸಿಕ್‌ದಂತೂ ಬೇರೆಯೇ. ಡೂಮ್ ತುಕ್ಕಾಗಿರಲಿ, ಸೆಟ್ಟನ್ನು ಗಾಡಿಗೆ ಹಿಡಿಸುವ ಹಿಂದಿನ ಕಿವಿಗಳು ಮುರಿದಿರಲಿ, ಗಾಜು ಮಾತ್ರ ಚೆನ್ನಾಗಿರುವ ಸೆಟ್ಟು ಸಿಕ್ಕಿದರೆ ಸಾಕು. ಅಂಥದ್ದಕ್ಕೆ ಗುಜರಿಯವರೂ ಹೆಚ್ಚು ಹೇಳಲ್ಲ. ಉಗುರು ಆಡಿಸಿ ನೋಡಿ, ಗಾಜಿನ ಮುಖದಲ್ಲಿ ಮರಳು ಹೊಡೆದ ಚುಕ್ಕಿ ತುಂಬಾ ಇದ್ದರೆ ಬೇಡ.

ಗಾಜು ಹುಡುಕುವ ಮುಂಚೆ ನಿಮ್ಮ ಡೂಮ್ ಬದುಕಿದೆಯಾ ನೋಡಿಕೊಳ್ಳಿ. ತೂತಿನಿಂದ ಟಾರ್ಚ್ ಬಿಟ್ಟರೆ ಕಾಣುತ್ತೆ. ಕನ್ನಡಿಯ ಹಾಗೆ ಹೊಳೆಯುತ್ತಿದ್ದರೆ ಸರಿ. ಬೂದು ಬಣ್ಣಕ್ಕೆ ತಿರುಗಿದ್ದರೆ, ಲೇಪ ಎದ್ದಿದ್ದರೆ ಗಾಜು ಬದಲಾಯಿಸಿ ಪ್ರಯೋಜನವಿಲ್ಲ, ಇಡೀ ಸೆಟ್ಟೇ ಹುಡುಕಿ. ಸೆಲ್ಲೋಟೇಪು ಇವತ್ತೇ ತೆಗೆಯಿರಿ. ಹ್ಯಾಲೊಜೆನ್ ಬಲ್ಬಿನ ಕಾವಿಗೆ ಟೇಪಿನ ಅಂಟು ಕರಗುತ್ತೆ, ಬಿರುಕಿನಲ್ಲಿ ಧೂಳು ಹೋಗೋದು ತಪ್ಪಲ್ಲ. ಗಾಜು ಸಿಗುವವರೆಗೆ ಸೆಟ್ಟು ಬಿಚ್ಚಿ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಬೀರುವಿನಲ್ಲಿಡಿ, ರಾತ್ರಿ ಗಾಡಿ ತೆಗೆಯಬೇಡಿ. ಒಂಟಿ ಕಣ್ಣಿನ ಕಾರು ದೂರದಿಂದ ಬೈಕಿನ ಹಾಗೆ ಕಾಣುತ್ತೆ. ನಿಮಗೆ ಹೋಗಿರುವುದು ಬಲಗಡೆಯದು, ಅಂದರೆ ಎದುರಿಗೆ ಬರುವವನ ಕಡೆಯದು.

ಇನ್ನು ಕೀಳೋ ಕೆಲಸ. ಬಿಚ್ಚುವ ಮುಂಚೆ ಗಾಡಿಯನ್ನು ಗೋಡೆ ಮುಂದೆ ನಿಲ್ಲಿಸಿ, ಚೆನ್ನಾಗಿರುವ ಎಡಗಡೆ ದೀಪದ ಡಿಮ್ ಎಲ್ಲಿ ಬೀಳುತ್ತೆ ಅಂತ ಸೀಮೆಸುಣ್ಣದಲ್ಲಿ ಗುರುತು ಹಾಕಿಕೊಳ್ಳಿ, ಆಮೇಲೆ ಬೇಕಾಗುತ್ತೆ. ಸೆಟ್ಟು ಹೊರಗೆ ಬಂದ ಮೇಲೆ ಬಲ್ಬು, ಅದರ ಹಿಂದಿನ ರಬ್ಬರ್ ಬೂಟು, ಅಂದರೆ ನೀರು ತಡೆಯೋ ಮುಚ್ಚಳ, ತೆಗೆಯಿರಿ. ಅಂಚಿನಲ್ಲಿ ಕ್ಲಿಪ್ಪುಗಳಿದ್ದರೆ ಬಿಚ್ಚಿ. ನಮ್ಮ ಯೆಜ್ಡಿ ಬೈಕುಗಳಲ್ಲಿ ಗಾಜು ಬೇರೆ, ಡೂಮ್ ಬೇರೆ. ಕ್ಲಿಪ್ಪು ಕಿತ್ತರೆ ಗಾಜು ಕೈಗೆ ಬರ್ತಿತ್ತು. ಅವನ್ನು ಮಾಡುತ್ತಿದ್ದ ಮೈಸೂರು ಯಾದವಗಿರಿಯ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು, ಆ ಸುಖವೂ ಅದರ ಜೊತೆಗೇ ಹೋಯ್ತು ಅನ್ನಿ. ಕಾರುಗಳಲ್ಲಿ ಬಹುಪಾಲು ಗಾಡಿಯಲ್ಲಿ ಗೋಂದು ತುಂಬಿದ ಕಾಲುವೆಯೊಳಗೆ ಗಾಜಿನ ಅಂಚು ಕೂತಿರುತ್ತೆ.

ಗೋಂದು ಎರಡು ಜಾತಿ. ಉಗುರು ಒತ್ತಿದರೆ ತಗ್ಗಾಗುವ ಕಪ್ಪು ಬ್ಯೂಟೈಲ್ ಒಂದು, ಅದು ಬಿಸಿಗೆ ಮೆತ್ತಗಾಗುತ್ತೆ. ಕಲ್ಲಿನಂತೆ ಗಟ್ಟಿಯಾಗಿರೋದು ಇನ್ನೊಂದು, ಅದು ಯಾವ ಬಿಸಿಗೂ ಜಗ್ಗಲ್ಲ. ಮೆತ್ತಗಿನದಾದರೆ ಸೆಟ್ಟನ್ನು ರಟ್ಟಿನ ಪೆಟ್ಟಿಗೆಯಲ್ಲಿಟ್ಟು ಹೇರ್ ಡ್ರೈಯರ್ ಗಾಳಿ ಒಳಗೆ ಬಿಡಿ, ಇಡೀ ಸೆಟ್ಟಿಗೆ ಒಂದೇ ಸಮ ಕಾವು ಏರಲಿ. ಒಂದೇ ಜಾಗಕ್ಕೆ ಹೀಟ್‌ಗನ್ ಹಿಡಿದರೆ ಗಾಜು ಚಟ್ ಅನ್ನುತ್ತೆ. ಅಂಚು ಸಡಿಲವಾದಾಗ ಅಗಲ ಬಾಯಿನ ಪ್ಲಾಸ್ಟಿಕ್ ಪಟ್ಟಿಯಿಂದ ಸುತ್ತಲೂ ಸ್ವಲ್ಪ ಸ್ವಲ್ಪವೇ ಎಬ್ಬಿಸಿ. ಸ್ಕ್ರೂಡ್ರೈವರ್ ತುದಿ ಗಾಜಿಗೆ ಆನಿಸಬೇಡಿ.

ಗಟ್ಟಿ ಗೋಂದಾದರೆ ಬಹಳ ಜನ ಎರಡೂ ಸೆಟ್ಟಿನ ಗಾಜನ್ನು ಒಂದೇ ರೀತಿ ಕೀಳೋಕೆ ಹೋಗಿ ಕೆಡಿಸುತ್ತಾರೆ. ನಿಮ್ಮ ಸೆಟ್ಟಿನಲ್ಲಿ ಉಳಿಯಬೇಕಾದ್ದು ಡೂಮ್ ಮತ್ತು ಕಾಲುವೆ, ಗಾಜು ಹೇಗೂ ಹೋಗಿದೆ. ಹಾಗಾಗಿ ಒಡೆದ ಗಾಜನ್ನು ಇಕ್ಕಳದಲ್ಲಿ ಚೂರು ಚೂರಾಗಿ ತೆಗೆದು, ಕಾಲುವೆಯ ಗೋಂದನ್ನು ಹ್ಯಾಕ್ಸಾ ಬ್ಲೇಡಿನ ತುಂಡಿನಿಂದ ಕೆರೆಯಿರಿ. ಶುರು ಮಾಡುವ ಮುಂಚೆ ಡೂಮ್ ಮೇಲೆ ಮೆತ್ತನೆ ಬಟ್ಟೆಯನ್ನು ಉಜ್ಜದೆ ಹಗುರವಾಗಿ ತುಂಬಿ, ಚೂರು ಬಿದ್ದರೆ ಗೀಚುತ್ತೆ. ಗುಜರಿಯಿಂದ ತಂದ ಸೆಟ್ಟಿನ ಲೆಕ್ಕ ಉಲ್ಟಾ. ಅಲ್ಲಿ ಬೇಕಾಗಿರೋದು ಗಾಜು. ಅದರ ಡೂಮನ್ನು ಹಿಂದಿನಿಂದ ಕತ್ತರಿಸಿ ಬಿಸಾಕಿ, ಗಾಜಿನ ಅಂಚಿಗೆ ಅಂಟಿಕೊಂಡ ಪಟ್ಟಿಯನ್ನು ಆಮೇಲೆ ಬಿಡುವಾಗಿ ಒಂದೊಂದು ತುಂಡಾಗಿ ಮುರಿದು ತೆಗೆಯಿರಿ. ಗಾಜಿಗೆ ಬಲ ಬೀಳಲ್ಲ. ಈ ಹೊತ್ತಿನಲ್ಲಿ ಕೈಗೆ ಗ್ಲೌಸು, ಕಣ್ಣಿಗೆ ಕನ್ನಡಕ ಇರಲೇಬೇಕು.

ಡೂಮ್ ಒಳಗೆ ಬೆರಳು ಹಾಕಬೇಡಿ. ಅದು ಬಹಳ ತೆಳ್ಳನೆ ಅಲ್ಯೂಮಿನಿಯಂ ಲೇಪ. ಬ್ರಾಸೋ, ವಿಭೂತಿ, ಪಂಚೆ ತುದಿ, ಯಾವುದು ಆಡಿಸಿದರೂ ಒಂದೇ ಒರೆಸಿಗೆ ಹೊಳಪು ಹೋಗುತ್ತೆ. ಗಾಜಿನ ಪುಡಿ ಬಿದ್ದಿದ್ದರೆ ಬಾಯಿ ಕೆಳಗೆ ಮಾಡಿ ಕೊಡವಿ, ಗಾಳಿ ಊದಿ. ತೀರಾ ಮಣ್ಣಾಗಿದ್ದರೆ ಒಂದೆರಡು ಹನಿ ಸೋಪು ಬೆರೆಸಿದ ನೀರು ಸುರಿದು, ಮತ್ತೆ ಬರೀ ನೀರಿನಲ್ಲಿ ತೊಳೆದು, ನೆರಳಿನಲ್ಲಿ ಬೋರಲು ಹಾಕಿ ಒಣಗಿಸಿ.

ಈಗ ನಿಮ್ಮ ಗೋಂದು. ಬ್ಯೂಟೈಲ್ ಹಗ್ಗದ ಹಾಗೆ ಸುರುಳಿಯಲ್ಲಿ ಸಿಗುತ್ತೆ, ಅದೇ ಒಳ್ಳೇದು, ಮುಂದೆ ಇನ್ನೊಂದು ಸಲ ಬಿಚ್ಚಬೇಕಾದರೂ ಬಿಚ್ಚಬಹುದು. ಸಿಗದಿದ್ದರೆ ಸಿಲಿಕೋನ್ ಆಗುತ್ತೆ, ಆದರೆ ಯಾವ ಸಿಲಿಕೋನ್ ಅನ್ನೋದು ಮುಖ್ಯ. ಹಾರ್ಡ್‌ವೇರ್ ಅಂಗಡಿಯಲ್ಲಿ ಸುಲಭವಾಗಿ ಸಿಗೋದರ ಮೂತಿ ತೆರೆದರೆ ವಿನೆಗರ್ ವಾಸನೆ ಬರುತ್ತೆ. ಅದು ಒಣಗುವಾಗ ಅಸಿಟಿಕ್ ಆಮ್ಲ ಬಿಡುತ್ತೆ. ಮುಚ್ಚಿದ ದೀಪದೊಳಗೆ ಆ ಆವಿ ಡೂಮ್‌ನ ಲೇಪ ತಿಂದುಬಿಡುತ್ತೆ. ಕೆಲಸ ಚೆನ್ನಾಗೇ ಆಗಿತ್ತು, ಒಂದೆರಡು ತಿಂಗಳಿಗೆ ಡೂಮ್ ಮಂಜಾಯಿತು ಅನ್ನುವವರ ಗಾಡಿಯಲ್ಲಿ ಎಷ್ಟೋ ಸಲ ಇದೇ ಕಾರಣ. ಟ್ಯೂಬಿನ ಮೇಲೆ ನ್ಯೂಟ್ರಲ್ ಅಂತ ಬರೆದದ್ದು ಕೇಳಿ ತನ್ನಿ. ಎಂ-ಸೀಲ್ ಮುರಿದ ಕಿವಿಗೆ ಇರಲಿ, ಗಾಜಿಗೆ ಬೇಡ.

ಗಾಜಿನ ಅಂಚು ಸ್ಪಿರಿಟ್‌ನಲ್ಲಿ ಒರೆಸಿ, ಕಾಲುವೆ ತುಂಬ ಒಂದೇ ಎಳೆ ಗೋಂದು ಬಿಟ್ಟು ಗಾಜು ಕೂರಿಸಿ, ಟೇಪ್ ಸುತ್ತಿ ಒಂದು ದಿನ ಅಲ್ಲಾಡಿಸದೆ ಬಿಡಿ. ಕೆಳಗಡೆ ಉಸಿರಾಡುವ ಸಣ್ಣ ತೂತು ಇದ್ದರೆ ಅದನ್ನು ಮುಚ್ಚಬೇಡಿ. ಬಲ್ಬು ಹಾಕುವಾಗ ಅದರ ಗಾಜು ಮುಟ್ಟಬೇಡಿ, ಕೈಯ ಎಣ್ಣೆ ಅಂಟಿದ ಜಾಗ ಅತಿಯಾಗಿ ಕಾದು ಬಲ್ಬು ಬೇಗ ಹೋಗುತ್ತೆ. 12 ವೋಲ್ಟಿನ 60/55 ವ್ಯಾಟ್ ಬಲ್ಬೇ ಇರಲಿ, ಅಂದರೆ ಬ್ರೈಟಿಗೆ 60, ಡಿಮ್‌ಗೆ 55. 100 ವ್ಯಾಟಿನದು ಹಾಕೋಣ ಅಂತ ಮಗ ಹೇಳಿಯೇ ಹೇಳುತ್ತಾನೆ. ಬೇಡ. ಹೋಲ್ಡರ್ ಕರಗುತ್ತೆ, ಕಾದ ಗಾಜಿಗೆ ಮಳೆ ನೀರು ಬಿದ್ದರೆ ಕಷ್ಟಪಟ್ಟು ಹಾಕಿದ್ದೂ ಬಿರುಕು ಬಿಡುತ್ತೆ.

ಕೊನೆಗೆ ಫೋಕಸ್. ಟೈರಿನ ಗಾಳಿ ಸರಿಯಿರಲಿ, ಡ್ರೈವರ್ ಸೀಟಿನಲ್ಲಿ ಒಬ್ಬರು ಕೂತಿರಲಿ, ನೆಲ ಸಮವಿರಲಿ. ಗೋಡೆಗೆ ಸರಿಯಾಗಿ 5 ಮೀಟರ್ ದೂರ ನಿಲ್ಲಿಸಿ. ಮಂಡ್ಯದಲ್ಲಿ ರೈಸ್‌ಮಿಲ್ ಗೋಡೆಗೇನು ಬರ? ಡಿಮ್ ಹಾಕಿದಾಗ ಬೆಳಕಿನ ಮೇಲಂಚು ಹೆಡ್‌ಲೈಟಿನ ನಡುಮಟ್ಟಕ್ಕಿಂತ 5 ಸೆಂಟಿಮೀಟರ್ ಕೆಳಗೆ ಬೀಳಬೇಕು, ಅಂದರೆ ನೂರಕ್ಕೆ ಒಂದರ ಇಳುಕಲು. ಮೊದಲು ಹಾಕಿಕೊಂಡ ಎಡಗಡೆಯ ಗುರುತಿಗೂ ತಾಳೆ ನೋಡಿ. ಆ ಅಂಚು ಬಲಗಡೆಗೆ ನೇರವಾಗಿದ್ದು ಎಡಗಡೆಗೆ ಮೇಲೇರಿದರೆ ಗಾಜು ಸರಿಯಾಗಿ ಕೂತಿದೆ ಅಂತ ಅರ್ಥ. ಇನ್ನೊಂದು, ನಿಮ್ಮದು 1997ರ ಗಾಡಿ. ಹದಿನೈದು ವರ್ಷ ಕಳೆದ ಮೇಲೆ ಐದೈದು ವರ್ಷಕ್ಕೆ ನೋಂದಣಿ ನವೀಕರಿಸುತ್ತಾ ಬಂದಿದ್ದರೆ 2027ಕ್ಕೆ ಮತ್ತೆ ಆರ್‌ಟಿಒ ಮುಂದೆ ನಿಲ್ಲಬೇಕು. ಅಲ್ಲಿ ಹೆಡ್‌ಲೈಟು ನೋಡೇ ನೋಡುತ್ತಾರೆ.

ಪ್ರಶ್ನೆ: ನಮ್ಮ ಮನೆಯಲ್ಲಿ 1996ರ ಬೆನ್ಜ್ ಇ-220 ಇದೆ. ಗೇಟು ತಗುಲಿ ಎಡಗಡೆ ಗಾಜು ಸೀಳಿದೆ. ಸ್ಟುಟ್‌ಗಾರ್ಟ್‌ನಲ್ಲಿರುವ ತಂಗಿಯ ಮಗ ಅಲ್ಲಿಂದಲೇ ಹೊಸ ಗಾಜು, ಅದರ ಸುತ್ತ ಕೂರುವ ರಬ್ಬರ್ ಪಟ್ಟಿ (ಗ್ಯಾಸ್ಕೆಟ್) ತರುತ್ತೇನೆ ಅನ್ನುತ್ತಿದ್ದಾನೆ. ತರಿಸಲೆ?
— ಓದುಗರು, ಜಯಲಕ್ಷ್ಮೀಪುರಂ, ಮೈಸೂರು

ಉತ್ತರ: ಗ್ಯಾಸ್ಕೆಟ್ ತರಿಸಿ. ಗಾಜು ಬೇಡ.

ಜರ್ಮನಿಯವರು ಬಲಗಡೆ ಓಡಿಸುತ್ತಾರೆ. ಡಿಮ್ ಹಾಕಿದಾಗ ಬೆಳಕು ರಸ್ತೆಯ ಅಂಚಿನ ಕಡೆ ಸುಮಾರು 15 ಡಿಗ್ರಿ ಮೇಲೇರಬೇಕು. ನಡೆದು ಹೋಗುವವರು, ಮರ, ಎಮ್ಮೆ ಕಾಣಲಿ ಅಂತ. ಅವರಿಗೆ ಅಂಚು ಬಲಕ್ಕೆ, ನಮಗೆ ಎಡಕ್ಕೆ. ನಿಮ್ಮ ಡೂಮ್ ಎಡಕ್ಕೆ ಎತ್ತಿ ಕೊಟ್ಟ ಬೆಳಕನ್ನು ಆ ಗಾಜು ತನ್ನ ಲೆಕ್ಕದಲ್ಲಿ ಬಲಕ್ಕೆ ಎಳೆಯುತ್ತೆ. ಕಡೆಗೆ ಅಂಚೂ ಕಾಣಲ್ಲ, ಎದುರಿನವರಿಗೂ ಕಣ್ಣು ಬಿಡೋಕಾಗಲ್ಲ. ಚಾಮುಂಡಿ ಬೆಟ್ಟ ಇಳಿಯುವಾಗ ತಿರುವಿನಲ್ಲಿ ನಿಮ್ಮ ಎದುರು ಬರುವವರ ಗತಿ ಯೋಚಿಸಿ.

ಗುರುತು ಹಿಡಿಯೋದು ಕಷ್ಟವಲ್ಲ. ಗಾಜಿನ ಮೇಲೆ ವೃತ್ತದೊಳಗೆ ಇಂಗ್ಲಿಷಿನ ಇ ಅಕ್ಷರ, ಪಕ್ಕ ಒಂದು ಅಂಕಿ ಇರುತ್ತೆ. 1 ಇದ್ದರೆ ಜರ್ಮನಿಯಲ್ಲಿ ಒಪ್ಪಿಗೆ ಪಡೆದದ್ದು ಅಂತ ಅಷ್ಟೇ, ಎಡ ಬಲದ ಮಾತು ಅದರಲ್ಲಿಲ್ಲ. ಅದನ್ನು ಹೇಳೋದು ಹತ್ತಿರದಲ್ಲೇ ಇರುವ ಬಾಣದ ಗುರುತು. ಗಾಡಿಯ ಮುಂದೆ ನಿಂತು ನೋಡಿದಾಗ ಬಾಣ ನಿಮ್ಮ ಬಲಗೈ ಕಡೆ ತೋರಿಸಿದರೆ ಅದು ಎಡಗಡೆ ಓಡಿಸುವ ದೇಶದ್ದು, ನಮಗೆ ಬೇಕಾದ್ದು. ಬಾಣಕ್ಕೆ ಎರಡೂ ಕಡೆ ಮೊನೆ ಇದ್ದರೆ ಎರಡಕ್ಕೂ ಹೊಂದಿಸಬಹುದಾದದ್ದು. ಬಾಣವೇ ಇಲ್ಲದಿದ್ದರೆ ಬಲಗಡೆ ಓಡಿಸುವವರದು. ಉಳಿದಿರುವ ನಿಮ್ಮ ಬಲದೀಪದಲ್ಲಿ ಮೊದಲು ನೋಡಿಕೊಳ್ಳಿ. ಇದೇ ಮಾದರಿಯ ಬೆನ್ಜ್ ಇಂಗ್ಲೆಂಡಿನಲ್ಲಿ ಬೇಕಾದಷ್ಟು ಓಡಾಡಿದೆ, ಅವರೂ ನಮ್ಮಂತೆ ಎಡಗಡೆಯವರೇ. ಹುಡುಗನಿಗೆ ಲಂಡನ್ನಿನಲ್ಲಿ ಸ್ನೇಹಿತರಿದ್ದರೆ ಅಲ್ಲಿಂದ ತರಿಸಲಿ.

ಪ್ರಶ್ನೆ: ಆಯುಧಪೂಜೆ ದಿನ ತೆಂಗಿನಕಾಯಿ ಒಡೆದಾಗ ಚಿಪ್ಪು ಹಾರಿ ತಾತನ ಕಾಲದ ಅಂಬಾಸಿಡರ್‌ನ ಹೆಡ್‌ಲೈಟು ಬಿರುಕು ಬಿಟ್ಟಿತು. ದೃಷ್ಟಿ ತೆಗೆಯೋಕೆ ಹೋಗಿ ಗಾಡಿಗೇ ದೃಷ್ಟಿ ಹೋಯಿತು ಅಂತ ಮನೆಯವರೆಲ್ಲ ನಗುತ್ತಿದ್ದಾರೆ. ಗಾಜು ಕೀಳಲು ನೋಡಿದೆ, ಬರುತ್ತಿಲ್ಲ. ಬಲ್ಬೂ ಹೋಗಿದೆ, ಹಿಂದೆ ಬಲ್ಬು ತೆಗೆಯುವ ಜಾಗವೇ ಕಾಣುತ್ತಿಲ್ಲ.
— ಓದುಗರು, ಶ್ರೀರಂಗಪಟ್ಟಣ

ಉತ್ತರ: ಕೀಳೋ ಪ್ರಯತ್ನ ನಿಲ್ಲಿಸಿ. ಅದು ಸೀಲ್ಡ್ ಬೀಮ್. ಗಾಜು, ಡೂಮ್, ಒಳಗಿನ ತಂತಿ ಎಲ್ಲ ಸೇರಿ ಒಂದೇ ಬಲ್ಬು. ಬಿರುಕಿನಿಂದ ಗಾಳಿ ಒಳಗೆ ಹೋಯಿತು, ತಂತಿ ಸುಟ್ಟಿತು.

ನಿಮ್ಮ ಅದೃಷ್ಟಕ್ಕೆ ಅದು 7 ಇಂಚಿನ ದುಂಡು ದೀಪ, ಜೀಪಿಗೂ ಅದೇ ಅಳತೆ. ಬಲ್ಬು ಬೇರೆ ಹಾಕಬಹುದಾದ ಎಚ್-4 ಮಾದರಿಯ ಗಾಜಿನ ಸೆಟ್ಟು ಯಾವ ಆಟೊಮೊಬೈಲ್ ಅಂಗಡಿಯಲ್ಲಾದರೂ ಸಿಗುತ್ತೆ. ಎರಡೂ ಕಡೆ ಒಟ್ಟಿಗೆ ಬದಲಾಯಿಸಿ. ಹೊರಗಿನ ಕ್ರೋಮ್ ರಿಂಗು ತೆಗೆದ ಮೇಲೆ ಒಳರಿಂಗನ್ನು ಹಿಡಿದಿರುವ ಸಣ್ಣ ಸ್ಕ್ರೂಗಳನ್ನು ಮಾತ್ರ ಬಿಚ್ಚಿ. ಮೇಲೊಂದು, ಪಕ್ಕದಲ್ಲೊಂದು ಸ್ಪ್ರಿಂಗ್ ಇರುವ ಸ್ಕ್ರೂ ಕಾಣುತ್ತೆ, ಅವು ಫೋಕಸ್ಸಿನವು, ಅವನ್ನು ತಿರುಗಿಸಬೇಡಿ. ಗಾಜಿನ ಮೇಲೆ ಟಾಪ್ ಅಂತ ಅಚ್ಚಾಗಿರೋದು ಮೇಲೆ ಬರಬೇಕು. ತಲೆಕೆಳಗೆ ಕೂರಿಸಿಕೊಂಡು ಬಲ್ಬು ಸರಿಯಿಲ್ಲ ಅಂತ ಅಂಗಡಿಯವರ ಮೇಲೆ ಜಗಳಕ್ಕೆ ಹೋದವರನ್ನು ಕಂಡಿದ್ದೇನೆ.

ಜೊತೆಗೆ ಒಂದು ರಿಲೇ ಹಾಕಿಸಿ, ಅಂದರೆ ಸ್ವಿಚ್ಚಿನ ಸಣ್ಣ ಕರೆಂಟಿನ ಮಾತು ಕೇಳಿ ಬ್ಯಾಟರಿಯ ಕರೆಂಟನ್ನು ನೇರ ಬಲ್ಬಿಗೆ ಬಿಡುವ ಪುಟ್ಟ ಪೆಟ್ಟಿಗೆ. ಎರಡು ಎಚ್-4 ಬಲ್ಬು ಬ್ರೈಟಿನಲ್ಲಿ 120 ವ್ಯಾಟ್, ಅಂದರೆ 10 ಆಂಪಿಯರ್. ಅಷ್ಟೂ ಕರೆಂಟು ತಾತನ ಕಾಲದ ಸ್ವಿಚ್ಚಿನ ಮೂಲಕ ಹೋಗೋದು ಬೇಡ. ರಿಲೇ ಹಾಕಿದ ಮೇಲೆ ಅದೇ ಬಲ್ಬು ಎಷ್ಟು ಬೆಳ್ಳಗೆ ಉರಿಯುತ್ತೆ ನೋಡಿ.

ಪ್ರಶ್ನೆ: ಹಳೇ ಮಾರುತಿ 800. ಮಳೆಗಾಲದಲ್ಲಿ ಹೆಡ್‌ಲೈಟಿನ ಗಾಜಿನೊಳಗೆ ಮಂಜು ಕಟ್ಟುತ್ತೆ. ಗಾಜು ಬದಲಾಯಿಸಬೇಕೆ?
— ಓದುಗರು, ಮದ್ದೂರು

ಉತ್ತರ: ಲೈಟು ಹಾಕಿದ ಸ್ವಲ್ಪ ಹೊತ್ತಿಗೆ ಮಂಜು ಮಾಯವಾದರೆ ತಲೆ ಕೆಡಿಸಿಕೊಳ್ಳಬೇಡಿ. ತಳದಲ್ಲಿ ನೀರು ನಿಲ್ಲುತ್ತಿದ್ದರೆ ಮಾತ್ರ ಯೋಚನೆ. ಹೆಚ್ಚಿನ ಸಲ ಗಾಜು ನಿರಪರಾಧಿ, ಹಿಂದಿನ ರಬ್ಬರ್ ಬೂಟು ಹರಿದಿರುತ್ತೆ, ಇಲ್ಲ ಕೆಳಗಿನ ಉಸಿರು ತೂತಿನಲ್ಲಿ ಕಣಜ ಮಣ್ಣು ಕಟ್ಟಿರುತ್ತೆ. ದೂರ ಓಡಿಸಿ ಬಂದು ದೀಪ ಕಾದಿರುವಾಗಲೇ ವಾಟರ್ ಸರ್ವಿಸ್‌ಗೆ ನಿಲ್ಲಿಸಬೇಡಿ.

ಪ್ರಶ್ನೆ: ಒಡೆದ ಹೆಡ್‌ಲೈಟ್ ಗಾಜಿಗೆ ಇನ್ಶೂರೆನ್ಸ್ ಬರುತ್ತಾ?
— ಓದುಗರು, ಕುವೆಂಪುನಗರ, ಮೈಸೂರು

ಉತ್ತರ: ಬರೀ ಥರ್ಡ್ ಪಾರ್ಟಿ ಇದ್ದರೆ ಇಲ್ಲ. ಪೂರ್ತಿ ಪಾಲಿಸಿ ಇದ್ದರೆ ಗಾಜಿನ ಭಾಗಕ್ಕೆ ಸವಕಳಿ ಕಡಿತವಿಲ್ಲ, ಪ್ಲಾಸ್ಟಿಕ್ಕಿಗಾದರೆ ಅರ್ಧ ಹೋಗುತ್ತೆ. ಆದರೆ 1500 ಸಿಸಿವರೆಗಿನ ಕಾರಿಗೆ ಮೊದಲ 1000 ರೂಪಾಯಿ ಹೇಗೂ ನಿಮ್ಮದೇ. ಕ್ಲೇಮು ಮಾಡಿದರೆ ನೋ ಕ್ಲೇಮ್ ಬೋನಸ್ಸೂ ಹೋಗುತ್ತೆ, ಐದು ವರ್ಷ ಕ್ಲೇಮಿಲ್ಲದೆ ಬಂದವರಿಗೆ ಅದು ಸ್ವಂತ ಗಾಡಿಯ ಹಾನಿಯ ಪ್ರೀಮಿಯಂನಲ್ಲಿ ನೂರಕ್ಕೆ 50 ರಿಯಾಯಿತಿ. ಹಳೇ ಗಾಡಿಯ ಒಂದು ಗಾಜಿಗೆ ಈ ವ್ಯವಹಾರ ಗಿಟ್ಟಲ್ಲ.

ಪ್ರಶ್ನೆ: ಹೊಸ ಗಾಜು ಹಾಕಿಸುತ್ತಿದ್ದೇನೆ. ಅದೇ ಖರ್ಚಿನಲ್ಲಿ ಎಲ್ಇಡಿ ಬಲ್ಬು ಹಾಕಿಸಿದರೆ ಹೇಗೆ?
— ಓದುಗರು, ಪಾಂಡವಪುರ

ಉತ್ತರ: ಗಾಜಿನ ಗೆರೆಗಳನ್ನು ಕೊರೆದದ್ದು ಹ್ಯಾಲೊಜೆನ್ ಬಲ್ಬಿನ ಸಣ್ಣ ತಂತಿ ಎಲ್ಲಿದೆ, ಎಷ್ಟಿದೆ ಅನ್ನೋ ಲೆಕ್ಕದ ಮೇಲೆ. ಎಲ್ಇಡಿಯ ಬೆಳಕು ಕೊಡೋ ಚಿಪ್ ಆ ಜಾಗದಿಂದ ಚೂರು ಆಚೀಚೆ ಆದರೂ ಡಿಮ್‌ನ ಅಂಚು ಕದಡುತ್ತೆ. ಗಾಡಿಯ ಮುಂದೆ ಹತ್ತಿರದಲ್ಲಿ ಬೆಳ್ಳಗೆ ಕಾಣುತ್ತೆ, ದೂರದಲ್ಲಿ ರಸ್ತೆ ಕಾಣಲ್ಲ. ಅದರ ಫ್ಯಾನು ರಬ್ಬರ್ ಬೂಟಿನೊಳಗೆ ಹಿಡಿಸಲ್ಲ, ಬೂಟಿಗೆ ತೂತು ಕೊರೆಯುತ್ತಾರೆ, ಅಲ್ಲಿಂದ ನೀರು ಒಳಗೆ ಇಳಿಯುತ್ತೆ. ಕಬ್ಬಿನ ಟ್ರ್ಯಾಕ್ಟರ್‌ಗಳು ಹಿಂದೆ ದೀಪವಿಲ್ಲದೆ ಓಡಾಡೋ ಊರು ನಿಮ್ಮದು, ದೂರ ಕಾಣೋದು ಬೇಕು. ಒಳ್ಳೇ ಕಂಪನಿಯ 60/55 ಹ್ಯಾಲೊಜೆನ್ ಬಲ್ಬು, ಒಂದು ರಿಲೇ, ಬ್ಯಾಟರಿಯಿಂದ ನೇರ ದಪ್ಪ ವೈರು ಹಾಕಿಸಿ.